ನ್ಯೂಟ್ರಿನೋಗೆ ತೂಕವಿದೆ, ತಿದ್ದಿಕೊಳ್ಳಿ

ಯಾವುದನ್ನೇ ಗಮನವಿಟ್ಟು ನೋಡಬೇಕಾದರೂ ಫಿಸಿಕ್ಸ್ ಮೇಡಂ ಎಡಗಣ್ಣು ಮುಚ್ಚಿಕೊಳ್ಳುತ್ತಿದ್ದರು. ಬಲಗಣ್ಣಿನ ಸುತ್ತ ಚರ್ಮ ನೆರಿಗೆಗಟ್ಟಿತ್ತು, ಆ ಕಡೆಯ ಹುಬ್ಬು ಇನ್ನೊಂದಕ್ಕಿಂತ ತುಸು ಕೆಳಗಿಳಿದು ಅಲ್ಲೇ ನಿಂತುಬಿಟ್ಟಿತ್ತು. ಹಾಜರಿ ಪುಸ್ತಕ, ಸಂತೆಯ ಬದನೆಕಾಯಿ, ಬಸ್ಸಿನ ಬೋರ್ಡು, ತಡವಾಗಿ ಬಂದ ವಿದ್ಯಾರ್ಥಿಯ ಮುಖ, ಎಲ್ಲಕ್ಕೂ ಅದೇ ಒಂಟಿಗಣ್ಣಿನ ನೋಟ. ಶಿಕಾರಿಪುರದ ನಮ್ಮ ಕಾಲೇಜಿಗೆ ಹೊಸದಾಗಿ ಸೇರಿದವರು ಮೊದಲ ವಾರ ಗಲಿಬಿಲಿಗೊಳ್ಳುತ್ತಿದ್ದರು. ಮೇಡಂ ತಮಗೆ ಕಣ್ಣು ಹೊಡೆದರೋ, ಬೈಯುವ ಮುಂಚಿನ ಸೂಚನೆ ಕೊಟ್ಟರೋ ತಿಳಿಯದೆ ಅರ್ಧ ನಕ್ಕು ಅರ್ಧ ಹೆದರಿ ನಿಲ್ಲುತ್ತಿದ್ದರು. ನಾನೂ ಹಾಗೆ ನಿಂತವಳೇ.

ಆ ಕಣ್ಣಿನ ಕಾರಣ ಆಮೇಲೆ ತಿಳಿಯಿತು. ಮೇಡಂ ಕೋಲಾರದ ಕಡೆಯವರು. ಎಂ.ಎಸ್ಸಿ. ಮುಗಿಸಿದ ಮೇಲೆ ಅಲ್ಲಿನ ಚಿನ್ನದ ಗಣಿಯಲ್ಲಿ ನಡೆಯುತ್ತಿದ್ದ ಒಂದು ಪ್ರಯೋಗದಲ್ಲಿ ನಾಲ್ಕೈದು ವರ್ಷ ಕೆಲಸ ಮಾಡಿದ್ದರು. ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ವಿಜ್ಞಾನಿಗಳು ಕಬ್ಬಿಣದ ಕೊಳವೆಗಳನ್ನು ಪದರ ಪದರವಾಗಿ ಪೇರಿಸಿ ಒಂದು ಯಂತ್ರ ಕಟ್ಟಿದ್ದರಂತೆ. ಆಕಾಶದಿಂದ ಸದಾ ಸುರಿಯುವ ಬೇರೆ ಕಣಗಳೆಲ್ಲ ಹೆಚ್ಚುಕಡಿಮೆ ಮೇಲಿನ ಬಂಡೆಯಲ್ಲೇ ಸೋಸಿಹೋಗುತ್ತವೆ. ಯಾವ ಬಂಡೆಗೂ ಜಗ್ಗದೆ ಅಷ್ಟು ಆಳಕ್ಕೆ ಬರುವುದು ನ್ಯೂಟ್ರಿನೋ. ಅದೂ ಲೆಕ್ಕವಿಲ್ಲದಷ್ಟು ಬಂದರೆ ಎಂದೋ ಒಂದು ಯಾವುದಕ್ಕಾದರೂ ತಾಗಿ ಪುಟ್ಟ ಜಾಡು ಬಿಟ್ಟು ಹೋಗುತ್ತದೆ. ಯಂತ್ರ ಮುದ್ರಿಸಿ ಕೊಟ್ಟ ಕಾಗದದ ಸುರುಳಿಗಳ ಮೇಲೆ ಭೂತಗನ್ನಡಿ ಹಿಡಿದು, ಸಾವಿರಾರು ಚುಕ್ಕೆಗಳ ನಡುವೆ ಆ ಜಾಡು ಹುಡುಕುವುದು ಮೇಡಂ ಕೆಲಸ. ದಿನಕ್ಕೆ ಏಳೆಂಟು ಗಂಟೆ ಒಂದೇ ಕಣ್ಣಿನಲ್ಲಿ.

ಆದರೆ ಆ ಯಂತ್ರವನ್ನು ಅವರು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ. ನೆಲದಡಿಯ ಗಣಿಯಲ್ಲಿ ಹೆಂಗಸರು ಕೆಲಸ ಮಾಡುವಂತಿಲ್ಲ ಎಂಬ ಕಾನೂನು ಆಗ ಇತ್ತು. ಜೊತೆಯ ಗಂಡಸರು ಬೆಳಿಗ್ಗೆ ತಲೆಗೆ ದೀಪ ಕಟ್ಟಿಕೊಂಡು ಕೆಳಗಿಳಿದು, ಸಂಜೆ ಬೆವರಿನಲ್ಲಿ ತೊಯ್ದು ಮೇಲೆ ಬರುವರು. ಮೇಡಂ ಮೇಲಿನ ಕೋಣೆಯಲ್ಲಿ ಕಾಗದದ ಮುಂದೆ ಕೂರುವರು. "ನಾನು ಬೀದೀಲಿ ನಿಂತು ಹೊಗೆ ನೋಡಿ, ಆ ಮನೇಲಿ ಏನು ಬೇಯ್ತಿದೆ ಅಂತ ಹೇಳೋ ಕೆಲಸ ಮಾಡಿದೋಳು ಕಣ್ರೋ" ಎಂದು ಅವರೇ ಹೇಳಿ ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಅದರಲ್ಲಿ ನಗುವುದು ಏನಿತ್ತು ಎಂದು ಈಗ ಯೋಚಿಸಿದರೆ ತಿಳಿಯುವುದಿಲ್ಲ.

ನಮ್ಮದು ಬಳ್ಳಿಗಾವಿಯ ಆಚೆ ಒಂದು ಸಣ್ಣ ಊರು. ಅಪ್ಪನಿಗೆ ಎರಡೆಕರೆ ಹೊಲ, ಅರವತ್ತು ಕುರಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಹಠ ಮಾಡಿ ವಿಜ್ಞಾನ ತೆಗೆದುಕೊಂಡೆ. ಫಿಸಿಕ್ಸ್ ಪುಸ್ತಕ ಇಂಗ್ಲಿಷಿನಲ್ಲಿತ್ತು. ಒಂದು ಪುಟ ಓದಲು ಒಂದು ಸಂಜೆ ಬೇಕಾಗುತ್ತಿತ್ತು. ಓದಿ ಮುಗಿಸಿದರೂ ಅರ್ಥವಾಗದ್ದು ಇಂಗ್ಲಿಷೋ ಫಿಸಿಕ್ಸೋ ಎಂದು ಗೊತ್ತಾಗುತ್ತಿರಲಿಲ್ಲ.

ನನ್ನಂಥವರಿಗಾಗಿಯೇ ಎಂಬಂತೆ ಮೇಡಂ ಒಂದು ರೂಢಿ ಇಟ್ಟುಕೊಂಡಿದ್ದರು. ಪಾಠ ಮುಗಿದ ಮೇಲೆ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ತಮಗೆ ಎಲ್ಲಿ ಗೊಂದಲವಾಯಿತೆಂದು ಬರೆದು ಮೇಜಿನ ಮೇಲಿನ ಬಿಸ್ಕತ್ ಡಬ್ಬಕ್ಕೆ ಹಾಕಬೇಕು. ಹೆಸರು ಬರೆಯಬೇಕಿಲ್ಲ. ಮರುದಿನ ಆ ಚೀಟಿಗಳಿಂದಲೇ ಪಾಠ ಶುರು. "ಎಲ್ಲ ಅರ್ಥ ಆಯ್ತು ಅನ್ನೋರು ಕೈ ಎತ್ತಿ ನೋಡೋಣ" ಎಂದು ಕೇಳಿ, ಎತ್ತಿದವರ ಕಡೆ ಎಡಗಣ್ಣು ಮುಚ್ಚಿ ನೋಡಿ, "ನಿಮ್ಮ ಮೇಲೆ ನನಗೆ ಅನುಮಾನ" ಎನ್ನುವರು.

ನ್ಯೂಟ್ರಿನೋ ನಮ್ಮ ಪುಸ್ತಕದಲ್ಲಿ ಇದ್ದದ್ದು ನಾಲ್ಕೇ ಸಾಲು. ಮೇಡಂ ಅದಕ್ಕೆ ಮೂರು ದಿನ ಕೊಟ್ಟರು. ಮೊದಲ ದಿನ ಕಿಟಕಿಯ ಪಕ್ಕದ ಸಾಲಿನವರಿಗೆ ಬಿಸಿಲಿಗೆ ಕೈಚಾಚಲು ಹೇಳಿದರು. "ಹೆಬ್ಬೆರಳಿನ ಉಗುರು ನೋಡ್ಕೊಳ್ಳಿ. ಅಷ್ಟು ಜಾಗದಲ್ಲಿ ಒಂದೊಂದು ಸೆಕೆಂಡಿಗೂ ಆರು ಸಾವಿರ ಕೋಟಿಗಿಂತ ಹೆಚ್ಚು ನ್ಯೂಟ್ರಿನೋ ದಾಟಿ ಹೋಗ್ತಿವೆ. ಸೂರ್ಯನ ಹೊಟ್ಟೆಯಿಂದ ಬಂದವು. ಏನಾದ್ರೂ ಗೊತ್ತಾಗ್ತಿದೆಯಾ?"

"ಬೆಚ್ಚಗಾಗ್ತೈತ್ರಿ ಮೇಡಂ" ಎಂದ ಒಬ್ಬ.

"ಅದು ಬೆಳಕು. ಇದು ಬೆಚ್ಚಗೂ ಮಾಡಲ್ಲ, ತಣ್ಣಗೂ ಮಾಡಲ್ಲ. ಕೈ ನೆರಳಿಗೆ ಎಳ್ಕೊಂಡ್ರೂ ಅಷ್ಟೇ ದಾಟ್ತಾವೆ. ಸೂರ್ಯ ಮುಳುಗಿದ ಮೇಲೆ ಭೂಮಿಯೊಳಗಿಂದ ತೂರಿ ಪಾದದ ಕಡೆಯಿಂದ ಬರ್ತಾವೆ."

ನಾನು ಕೈ ನೋಡಿಕೊಂಡೆ. ಬೆಳಿಗ್ಗೆ ಕುರಿಮರಿಗೆ ಹಾಲು ಕುಡಿಸಿ ಬಂದ ಕೈ. ಏನೂ ಗೊತ್ತಾಗಲಿಲ್ಲ. ಮೂರನೆಯ ದಿನ ಮೇಡಂ ಎರಡು ಮಾತು ಹೇಳಿದರು. ನ್ಯೂಟ್ರಿನೋಗೆ ತೂಕ ಇಲ್ಲ, ಸೊನ್ನೆ; ಪುಸ್ತಕದಲ್ಲಿ ಮಾಸ್, ಅಂದರೆ ದ್ರವ್ಯರಾಶಿ, ಎನ್ನುವುದನ್ನು ನಾವು ಸದ್ಯಕ್ಕೆ ತೂಕ ಎನ್ನೋಣ ಎಂದರು. ಅದೇ ದಿನ, ನ್ಯೂಟ್ರಿನೋ ಅಪರೂಪಕ್ಕೊಮ್ಮೆ ಪರಮಾಣುವಿಗೆ ಗುದ್ದಿದರೆ ಒಳಗಿನ ಕಣ ಚಿಮ್ಮಿ ಹಾರುತ್ತದೆ ಎಂದೂ ಹೇಳಿದರು. ನಮ್ಮ ಟಗರು ಗುದ್ದಿದಾಗ ಅಪ್ಪ ಬೇಲಿಯ ಮೇಲೆ ಹೋಗಿ ಬಿದ್ದಿದ್ದನ್ನು ನಾನು ನೋಡಿದ್ದೆ. ತೂಕವೇ ಇಲ್ಲದ್ದು ಗುದ್ದುವುದು ಹೇಗೆ? ಟಗರಿನ ಮಾತನ್ನೂ ಸೇರಿಸಿ ಇದನ್ನೇ ಚೀಟಿಯಲ್ಲಿ ಬರೆದು ಹಾಕಿದೆ. ಮರುದಿನ ಮೇಡಂ ಓದಿ, "ಬೆಳಕಿಗೂ ತೂಕ ಇಲ್ಲ, ಅದೂ ತಳ್ಳುತ್ತೆ. ಆದ್ರೂ ಯಾರೋ ಚೆನ್ನಾಗಿ ಕೇಳಿದ್ದೀರಿ, ಶಹಬ್ಬಾಸ್" ಎಂದರು. ಶಹಬ್ಬಾಸ್‌ಗಿರಿ ಸಿಕ್ಕಿತು, ಗೊಂದಲ ಹೋಗಲಿಲ್ಲ.

ವಾರ್ಷಿಕ ಪರೀಕ್ಷೆಗೆ ಮುಂಚೆ ಕಾಲೇಜಿನಲ್ಲೇ ಪ್ರಿಪರೇಟರಿ ಪರೀಕ್ಷೆ ನಡೆಯಿತು. ನ್ಯೂಟ್ರಿನೋದ ಎರಡು ಗುಣ ಬರೆಯಿರಿ ಎಂದು ಎರಡು ಅಂಕದ ಪ್ರಶ್ನೆ ಬಂತು. ಅದಕ್ಕೆ ವಿದ್ಯುತ್ತಿನ ಆವೇಶ ಇಲ್ಲ ಎಂದು ಒಂದನ್ನು ಬರೆದೆ. ಎರಡನೆಯದಕ್ಕೆ ಪೆನ್ನು ನಿಂತಿತು. ಸೊನ್ನೆ ಎಂದು ಬರೆದರೆ ಒಂದು ಅಂಕ ಎಂದು ಗೊತ್ತಿತ್ತು. ಬರೆಯಲು ಹೋದರೆ ಟಗರು ನೆನಪಾಗುತ್ತಿತ್ತು. ಕೊನೆಗೆ ಮುರುಕು ಇಂಗ್ಲಿಷಿನಲ್ಲಿ, 'ತೂಕ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ' ಎಂದು ಬರೆದು ಎದ್ದು ಬಂದೆ.

ಫಿಸಿಕ್ಸಿನಲ್ಲಿ ನನಗೆ ಮೂವತ್ತನಾಲ್ಕು ಬಂತು. ಪಾಸಾಗಲು ಮೂವತ್ತೈದು ಬೇಕು.

ಉತ್ತರ ಪತ್ರಿಕೆ ಹಿಡಿದು ಸ್ಟಾಫ್ ರೂಮಿಗೆ ಹೋದೆ. "ಮೇಡಂ, ಒಂದೇ ಒಂದು ಮಾರ್ಕ್ಸ್ ರೀ" ಎಂದೆ.

ಮೇಡಂ ಎಡಗಣ್ಣು ಮುಚ್ಚಿ ನನ್ನ ಉತ್ತರವನ್ನು ಇನ್ನೊಮ್ಮೆ ಓದಿದರು. "ಆ ಟಗರಿನ ಚೀಟಿ ನಿಂದೇನಾ?" ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು, "ಅದು ಚೀಟಿ, ಇದು ಪರೀಕ್ಷೆ ಕಣಮ್ಮ. ಪುಸ್ತಕದಲ್ಲಿ ಸೊನ್ನೆ ಅಂತಿದೆ, ನಾನೂ ಸೊನ್ನೆ ಅಂತ ಹೇಳಿದೀನಿ. ಗೊತ್ತಿಲ್ಲ ಅಂತ ಬರೆದೋರಿಗೆ ಅಂಕ ಕೊಟ್ರೆ, ಓದಿ ಬರೆದೋರಿಗೆ ಏನು ಹೇಳ್ಲಿ?" ಎಂದು ಪತ್ರಿಕೆ ವಾಪಸು ಕೊಟ್ಟರು. ಅವರ ಮಾತು ನ್ಯಾಯವಾಗಿಯೇ ಇತ್ತು. ಆದರೆ ಡಬ್ಬಕ್ಕೆ ಹಾಕಿದರೆ ಶಹಬ್ಬಾಸ್ ಎನಿಸಿಕೊಳ್ಳುವ ಮಾತು ಪತ್ರಿಕೆಯಲ್ಲಿ ಬರೆದರೆ ಫೇಲಾಗುವುದು ಹೇಗೆಂದು ನನಗೆ ಹೊಳೆಯಲಿಲ್ಲ.

ಅಪ್ಪ ಆ ವರ್ಷ ಒಂದು ಮಾತು ಕೊಟ್ಟಿದ್ದ. ಎಲ್ಲದರಲ್ಲೂ ಪಾಸಾದರೆ ಶಿವಮೊಗ್ಗಕ್ಕೆ ಬಿ.ಎಸ್ಸಿ.ಗೆ ಕಳಿಸುವುದಾಗಿ. ಅಂಕಪಟ್ಟಿಗೆ ಸಹಿ ಹಾಕಿಸಲು ಹೋದಾಗ ಅವನು ಕೊಟ್ಟಿಗೆಯ ಮುಂದೆ ಕುರಿಯ ಗೊರಸು ಹೆರೆಯುತ್ತಿದ್ದ.

"ಇಲ್ಲಿ ಕೆಂಪು ಗೆರಿ ಯಾಕ ಹಾಕ್ಯಾರವಾ?"

"ಫಿಸಿಕ್ಸ್‌ನಾಗ ಒಂದು ಮಾರ್ಕ್ಸ್ ಕಡಿಮಿ ಬಂತಪ್ಪಾ."

ಅಪ್ಪ ಬಹಳ ಹೊತ್ತು ಆ ಗೆರೆಯನ್ನೇ ನೋಡಿದ. "ಬ್ಯಾಡ ಬಿಡವಾ. ಇಲ್ಲೇ ಹಿಂಗಾದ್ರ ಶಿವಮೊಗ್ಗದಾಗ ಒಬ್ಬಾಕಿನೇ ಕುಂತು ಅಳ್ತಿ. ಟೀಚರ್ ಟ್ರೇನಿಂಗ್ ಮಾಡು, ಮಕ್ಕಳಿಗೆ ಕಲಿಸ್ಕೊಂತ ಆರಾಮ ಇರು" ಎಂದ. ವಾರ್ಷಿಕ ಪರೀಕ್ಷೆಯಲ್ಲಿ ನಾನು ಪಾಸಾದೆ. ಅಪ್ಪನ ತೀರ್ಮಾನ ಅಷ್ಟರಲ್ಲಿ ಗಟ್ಟಿಯಾಗಿತ್ತು. ಟಿಸಿಎಚ್ ಮುಗಿಸಿದೆ, ಸೊರಬ ತಾಲ್ಲೂಕಿನ ಜಡೆಯ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು, ಜಡೆಯಲ್ಲೇ ಮದುವೆಯಾಯಿತು. ಫಿಸಿಕ್ಸ್ ಮೇಡಂ ನನ್ನ ಬದುಕಿನಿಂದ ಹೋದರು ಎಂದುಕೊಂಡೆ.

ಮದುವೆಯಾಗಿ ಎರಡು ವರ್ಷವಾಗಿತ್ತು. ಒಂದು ಮಧ್ಯಾಹ್ನ ಪೋಸ್ಟಿನವರು ಅಂಗಳದಲ್ಲೇ ನಿಂತು ಒಂದು ಕಾರ್ಡನ್ನು ಹಿಂದೆ ಮುಂದೆ ತಿರುಗಿಸುತ್ತಿದ್ದರು. ತವರಿನ ವಿಳಾಸ ಹೊಡೆದುಹಾಕಿ ಬೇರೆ ಕೈಬರಹದಲ್ಲಿ ಜಡೆಯ ವಿಳಾಸ ಬರೆದಿತ್ತು. ನಾನು ಶಾಲೆಯಲ್ಲಿದ್ದೆ. ಅತ್ತೆ ಓದಿ ಹೇಳಿ ಎಂದಿದ್ದಕ್ಕೆ ಅವರು ಗಟ್ಟಿಯಾಗಿ ಓದಿದರಂತೆ: "ಎರಡನೆಯ ಪಿಯುಸಿಯಲ್ಲಿ ನಿಮಗೆ ನ್ಯೂಟ್ರಿನೋಗೆ ತೂಕವಿಲ್ಲವೆಂದು ಕಲಿಸಿದ್ದೆ. ಅದು ತಪ್ಪು. ಅತ್ಯಲ್ಪವಾದರೂ ತೂಕವಿದೆ. ಎಷ್ಟೆಂದು ಇನ್ನೂ ಯಾರಿಗೂ ತಿಳಿಯದು. ದಯವಿಟ್ಟು ತಿದ್ದಿಕೊಳ್ಳಿ."

ಸಂಜೆ ನಾನು ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಬೆಲ್ಲ ನೀರು ಹಿಡಿದು ನಿಂತಿದ್ದರು. ಮುಖದ ತುಂಬ ನಗು.

"ನಮಗೆ ಹೇಳದೆ ಮುಚ್ಚಿಟ್ಯಲ್ಲ ಮಾರಾಯ್ತಿ?"

"ಎಂತದು ಅತ್ತೆ?"

"ಶಿಕಾರಿಪುರದ ಡಾಕ್ಟ್ರಮ್ಮ ಬರ್ದಾರಲ್ಲ. ಸಣ್ಣದು, ಆದ್ರೂ ತೂಕ ಅದೆ, ಎಷ್ಟು ಅಂತ ಈಗ್ಲೇ ಹೇಳುಕೆ ಆಗದಿಲ್ಲ ಅಂತ!"

ಕಾರ್ಡು ಇಸಿದುಕೊಂಡು ಓದಿದೆ. ಬರೆದವರು ಡಾಕ್ಟರಮ್ಮ ಅಲ್ಲ, ಹೊಟ್ಟೆಯಲ್ಲಿ ಏನೂ ಇಲ್ಲ ಎಂದೆ. ಹಾಗಾದರೆ ತೂಕ ಯಾವುದಕ್ಕೆ ಎಂದರು. ಕಾಣದ ಒಂದು ಕಣಕ್ಕೆ ಎಂದೆ. ಅತ್ತೆಯ ಮುಖ ಬಾಡಿತು. ಬೆಲ್ಲ ನೀರು ಮಾತ್ರ ಕೊಟ್ಟರು, ಕುಡಿದೆ. ಕಾರ್ಡಿನ ತುದಿಯಲ್ಲಿ, ಪೋಸ್ಟಿನವರ ಕಣ್ಣು ತಪ್ಪಿದ ಇನ್ನೊಂದು ಸಾಲು ಸಣ್ಣಕ್ಷರದಲ್ಲಿತ್ತು: "ಪ್ರಿಪರೇಟರಿಯಲ್ಲಿ ನಿನ್ನ ಒಂದು ಅಂಕ ಕಳೆದಿದ್ದೆ. ಅದು ನಿನ್ನದೇ."

ಆ ಸಾಲನ್ನು ಎಷ್ಟು ಸಲ ಓದಿದೆನೋ. ಸಿಟ್ಟು ಬಂತೋ, ಸಂತೋಷವಾಯಿತೋ, ಇವತ್ತಿಗೂ ಬೇರೆ ಮಾಡಿ ಹೇಳಲಾರೆ.

ಮುಂದಿನ ಶನಿವಾರ ಶಾಲೆ ಮುಗಿಸಿ, ಸೊರಬದಲ್ಲಿ ಬಸ್ಸು ಬದಲಿಸಿ ಶಿಕಾರಿಪುರಕ್ಕೆ ಹೋದೆ. ಬಸ್ಸಿಳಿದ ಕೂಡಲೇ ನನ್ನ ಸಹಪಾಠಿಯೊಬ್ಬ ಸಿಕ್ಕ. ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ವ್ಯಾಪಾರ ಅವನದು.

"ನಿನಗೂ ಬಂತೇನು ಕಾರ್ಡು? ನಮ್ಮ ಬ್ಯಾಚಿನವ್ರಿಗೆಲ್ಲ ಬಂದೈತಿ. ನಮ್ಮ ಹಿಂದಿನೋರಿಗೂ ಬಂದೈತಿ. ತೂಕದಾಗ ಹೆಚ್ಚು ಕಡಿಮಿ ಆದ್ರ ನಮ್ಮ ಯಾರ್ಡಿನಾಗ ಯಾರೂ ಬಾಯಿ ಬಿಡಂಗಿಲ್ಲ, ಮೇಡಂ ನೋಡಿದ್ರ ಊರಿಗೆಲ್ಲ ಪತ್ರ ಬರದಾರ" ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ, "ತಲಿ ಸರಿ ಐತೋ ಇಲ್ಲೋ ಒಂಚೂರು ನೋಡ್ಕೊಂಡು ಬಾ" ಎಂದ.

ಮೇಡಂ ಮನೆಯ ನಡುಕೋಣೆಯಲ್ಲಿ ನೆಲದ ಮೇಲೆ ಕುಳಿತಿದ್ದರು. ಮುಂದೆ ಕಾಲೇಜಿನ ಪ್ರವೇಶ ಪುಸ್ತಕದಿಂದ ಇಳಿಸಿಕೊಂಡ ಹೆಸರು ವಿಳಾಸಗಳ ಪಟ್ಟಿ, ಪಕ್ಕದಲ್ಲಿ ಖಾಲಿ ಕಾರ್ಡುಗಳ ಕಟ್ಟು. ಶಿಕಾರಿಪುರಕ್ಕೆ ಬಂದಾಗಿನಿಂದ ಅವರು ಕಲಿಸಿದ ಹದಿನಾಲ್ಕು ಬ್ಯಾಚಿನ ಪ್ರತಿಯೊಬ್ಬರಿಗೂ ಬರೆಯುತ್ತಿದ್ದರು. ಪ್ರಿನ್ಸಿಪಾಲರು ಕರೆದು, ಸಿಲಬಸ್ ಬದಲಾದಾಗ ಬದಲಾಗುತ್ತದೆ, ಇದೆಲ್ಲ ಯಾಕೆ, ಜನ ಕಾಲೇಜಿನ ಬಗ್ಗೆ ಏನೆಂದುಕೊಂಡಾರು ಎಂದಿದ್ದರಂತೆ. "ಸಿಲಬಸ್ ಮುಂದೆ ಬರೋ ಮಕ್ಕಳಿಗೆ ಸಾರ್. ಆಗಲೇ ಹೋದೋರಿಗೆ ಯಾರು ಹೇಳ್ತಾರೆ?" ಎಂದು ಮೇಡಂ ಎದ್ದು ಬಂದಿದ್ದರು.

ನನ್ನನ್ನು ಕೂರಿಸಿಕೊಂಡು ಏನಾಯಿತೆಂದು ಹೇಳಿದರು. ಸೂರ್ಯನಿಂದ ಇಂತಿಷ್ಟು ನ್ಯೂಟ್ರಿನೋ ಬರಬೇಕೆಂದು ಲೆಕ್ಕವಿತ್ತು. ಅಮೆರಿಕದ ಗಣಿಯೊಂದರಲ್ಲಿ ಬಟ್ಟೆ ಶುಚಿಮಾಡುವ ದ್ರಾವಣವನ್ನು ದೊಡ್ಡ ತೊಟ್ಟಿಯಲ್ಲಿ ತುಂಬಿಟ್ಟು ಎಣಿಸಿದರೆ ಮೂರರಲ್ಲಿ ಒಂದು ಪಾಲು ಮಾತ್ರ ಸಿಕ್ಕಿತು. "ಮೂವತ್ತು ವರ್ಷ ಜಗಳ ಕಣಮ್ಮ. ನಿನ್ನ ತೊಟ್ಟಿ ತೂತು ಅಂತ ಇವರು, ನಿನ್ನ ಸೂರ್ಯನ ಲೆಕ್ಕ ತಪ್ಪು ಅಂತ ಅವರು. ಎರಡೂ ಸರಿಯಾಗಿತ್ತು. ಬರೋ ದಾರೀಲಿ ಅವು ಜಾತಿ ಬದಲಾಯಿಸ್ತಿದ್ವು. ನ್ಯೂಟ್ರಿನೋದಲ್ಲಿ ಮೂರು ಬಗೆ. ಆ ತೊಟ್ಟಿಗೆ ಒಂದು ಬಗೆ ಮಾತ್ರ ಕಾಣ್ತಿತ್ತು. ಈಗ ಕೆನಡಾದ ಗಣಿಯೊಂದರಲ್ಲಿ ಮೂರನ್ನೂ ಸೇರಿಸಿ ಎಣಿಸಿದಾರೆ. ಲೆಕ್ಕ ಕೂಡಿತು."

"ಅದಕ್ಕೂ ತೂಕಕ್ಕೂ ಏನು ಸಂಬಂಧ ಮೇಡಂ?"

"ತೂಕ ಇಲ್ಲದ್ದು ಬೆಳಕಿನ ವೇಗದಲ್ಲೇ ಓಡಬೇಕು. ಹಾಗೆ ಓಡೋದಕ್ಕೆ ಗಡಿಯಾರ ನಿಂತುಹೋಗಿರುತ್ತೆ. ಗಡಿಯಾರ ನಡೀದೆ ಬದಲಾಗೋದು ಹೇಗೆ? ಬದಲಾಗಿದೆ ಅಂದ್ರೆ ತೂಕ ಇದೆ."

ನನಗೆ ಪೂರ್ತಿ ತಿಳಿಯಲಿಲ್ಲ; ತಿಳಿದವಳಂತೆ ತಲೆಯಾಡಿಸಲೂ ಧೈರ್ಯವಾಗಲಿಲ್ಲ. "ಮೇಡಂ, ನಾನು ಇದೆಲ್ಲ ಗೊತ್ತಿದ್ದು ಬರೆದವಳಲ್ಲ. ಟಗರು ನೆನಪಾಗಿ ಗಲಿಬಿಲಿಯಾಗಿ ಬರೆದೆ. ಆ ಅಂಕ ನನ್ನದು ಹೇಗಾಗುತ್ತೆ?" ಎಂದೆ.

"ಗೊತ್ತಿಲ್ಲ ಅಂತ ಬರೆದೆ. ಅವತ್ತು ಪ್ರಪಂಚದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸರಿ ಉತ್ತರ ಬರೆದೋಳು ನೀನೊಬ್ಬಳೇ."

ಸ್ವಲ್ಪ ಹೊತ್ತಾದ ಮೇಲೆ ಅವರು ಎಡಗಣ್ಣು ಮುಚ್ಚಿ ನನ್ನನ್ನು ನೋಡಿದರು. "ಅವತ್ತು ಆ ಒಂದು ಅಂಕ ಕೊಟ್ಟಿದ್ರೆ ನಿನಗೇನಾದ್ರೂ ಬೇರೆ ಆಗ್ತಿತ್ತಾ?"

ಅಪ್ಪ ಕೆಂಪು ಗೆರೆ ನೋಡುತ್ತ ಕುಳಿತದ್ದು ನೆನಪಾಯಿತು. ಮುಂದೆ ಕುಳಿತವರು ನೂರಾರು ಕಾರ್ಡು ಬರೆದು ಬೆರಳಿಗೆಲ್ಲ ಶಾಯಿ ಮಾಡಿಕೊಂಡಿದ್ದರು. "ಏನೂ ಆಗ್ತಿರಲಿಲ್ಲ ಮೇಡಂ. ನಾನು ಮೊದಲಿಂದಲೂ ಟೀಚರ್ ಆಗಬೇಕು ಅಂತಲೇ ಇದ್ದೆ" ಎಂದೆ. ಅವರು "ಹೂಂ" ಎಂದು ಮುಂದಿನ ಕಾರ್ಡು ತೆಗೆದುಕೊಂಡರು. ನನ್ನ ಸುಳ್ಳು ಒಳ್ಳೆಯದಕ್ಕೇ ಎಂದು ಬಸ್ಸಿನುದ್ದಕ್ಕೂ ಹೇಳಿಕೊಳ್ಳುತ್ತ ಬಂದೆ.

ಆಮೇಲೆ ನಮ್ಮ ನಡುವೆ ಹೋಗಿಬರುವುದು ಬೆಳೆಯಿತು. ಐದಾರು ವರ್ಷದ ನಂತರ ಒಂದು ಫೆಬ್ರವರಿಯಲ್ಲಿ ನಮ್ಮ ಶಾಲೆಯ ವಿಜ್ಞಾನ ದಿನಕ್ಕೆ ಅವರನ್ನು ಕರೆದೆ. ಮಕ್ಕಳು ಬಿಸಿಯೂಟಕ್ಕೆ ಸಾಲಾಗಿ ಕುಳಿತ ಹೊತ್ತು. ಮೇಡಂ ಕೈಗಡಿಯಾರ ನೋಡಿ, "ಈಗಲೇ ಹೇಳಿಬಿಡ್ತೀನಿ, ಸರಿಯಾದ ಸಮಯ" ಎಂದು ತಟ್ಟೆ ಹಿಡಿದು ಅವರ ನಡುವೆಯೇ ಕುಳಿತರು.

"ಎಂಬತ್ತೇಳನೇ ಇಸವಿ, ಫೆಬ್ರವರಿ ತಿಂಗಳು, ಮಧ್ಯಾಹ್ನ ಒಂದು ಗಂಟೆ ದಾಟಿ ಐದು ನಿಮಿಷ. ನಾನು ಕೋಲಾರದ ಕೋಣೇಲಿ ಹೀಗೇ ಮೊಸರನ್ನ ಕಲಸ್ತಾ ಇದ್ದೆ. ಒಂದೂವರೆ ಲಕ್ಷ ವರ್ಷಕ್ಕೂ ಹಿಂದೆ ಸಿಡಿದ ಒಂದು ದೊಡ್ಡ ನಕ್ಷತ್ರದ ನ್ಯೂಟ್ರಿನೋಗಳು ಆ ಕ್ಷಣ ನನ್ನ ಮೈಯೊಳಗೆ ಹಾದುಹೋದ್ವು. ಆ ನಕ್ಷತ್ರ ಆಗ ನಮ್ಮ ಕಡೆ ಆಕಾಶದಲ್ಲಿ ಇರಲಿಲ್ಲ, ನೆಲದ ಆ ಕಡೆ ಇತ್ತು. ಹಾಗಾಗಿ ದಕ್ಷಿಣದ ಕಡೆಯಿಂದ, ಮಣ್ಣೊಳಗಿಂದ ಓರೆಯಾಗಿ ಬಂದ್ವು. ಬೆಳಕು ಬಂದಿದ್ದು ಅದಾಗಿ ಕೆಲವು ಗಂಟೆ ಕಳೆದ ಮೇಲೆ. ನಿಮ್ಮ ಅಪ್ಪ ಅಮ್ಮ ಆಗ ಹುಟ್ಟಿದ್ರೆ ಅವರೊಳಗೂ ಹಾದುಹೋಗಿವೆ."

"ತಾಗ್ತದ ಅಜ್ಜಿ?" ಎಂದಳು ಒಬ್ಬ ಪುಟ್ಟ ಹುಡುಗಿ.

"ತಾಗಲ್ಲ ಮರಿ. ಅಷ್ಟರಲ್ಲೂ ಇಡೀ ಪ್ರಪಂಚದಲ್ಲಿ ಯಂತ್ರಗಳಿಗೆ ಸಿಕ್ಕಿದ್ದು ಎರಡು ಡಜನ್ ಅಷ್ಟೇ. ದೊಡ್ಡ ದೊಡ್ಡ ನೀರಿನ ತೊಟ್ಟಿ ಕಟ್ಟಿ, ನೀರಲ್ಲಿ ಮಿಂಚೋ ಬೆಳಕನ್ನು ಹಿಡಿದವರಿಗೆ ಸಿಕ್ಕವು. ನಮ್ಮ ಕಬ್ಬಿಣದ ಯಂತ್ರ ಅಷ್ಟು ಮೆತ್ತಗಿನವನ್ನು ಹಿಡಿಯೋದಲ್ಲ. ಆದ್ರೂ ಸುದ್ದಿ ಬಂದ ಮೇಲೆ ಆ ಗಂಟೆಯ ಕಾಗದ ನೋಡು ಅಂತ ನನಗೆ ಕೊಟ್ರು. ಮೂರು ದಿನ ನೋಡಿದೆ. ಒಂದು ಚುಕ್ಕೆ ಹೌದೇನೋ ಅನ್ನೋ ಹಾಗಿತ್ತು. ಹೌದು ಅಂದುಬಿಡಲಾ ಅಂತ ಆಸೆ ಆಯ್ತು. ಕೊನೆಗೆ ಏನೂ ಇಲ್ಲ ಅಂತ ಬರೆದು ಸಹಿ ಹಾಕಿದೆ. ನಾನು ಆ ಕೆಲಸದಲ್ಲಿ ಮಾಡಿದ ಒಳ್ಳೇ ಕೆಲಸ ಅದೊಂದೇ."

ಮಕ್ಕಳಿಗೆ ಎಷ್ಟು ತಿಳಿಯಿತೋ. ಆದರೆ ಅಷ್ಟು ಹೊತ್ತು ಯಾರೂ ತಟ್ಟೆಗೆ ಕೈಹಾಕಿರಲಿಲ್ಲ.

ಬಸ್ ಸ್ಟಾಪಿಗೆ ಬಿಡಲು ಹೋದಾಗ ಮೇಡಂ ದಾರಿಯಲ್ಲಿ ನಿಂತರು. "ನಿನಗೊಂದು ಹೇಳ್ಬೇಕು. ಅವತ್ತು ಕಾರ್ಡು ಸಿಕ್ಕಿ ನೀನು ಬರೋಕೆ ಮೂರು ದಿನ ಮುಂಚೆ ನಿಮ್ಮಪ್ಪ ಬಂದಿದ್ರು" ಎಂದರು.

ಅಪ್ಪನಿಗೆ ಆ ಕಾರ್ಡು ಮೊದಲು ತಲುಪಿತ್ತು. ಯಾರಿಂದಲೋ ಓದಿಸಿಕೊಂಡಿದ್ದ. ಸಣ್ಣಕ್ಷರದ ಸಾಲನ್ನೂ ಸೇರಿಸಿ. ಜಡೆಯ ವಿಳಾಸ ಬರೆಸಿ ಪೋಸ್ಟಿಗೆ ಹಾಕಿ, ವಿಚಾರಿಸಿಕೊಂಡು ಮೇಡಂ ಮನೆ ಹುಡುಕಿ ಹೋಗಿ, ಹೊಸ್ತಿಲ ಹೊರಗೇ ನಿಂತಿದ್ದನಂತೆ. "ಆ ಒಂದು ಮಾರ್ಕ್ಸಿಗೆ ನಾನು ಮಗಳನ್ನ ಶಿವಮೊಗ್ಗಕ್ಕ ಕಳಿಸ್ಲಿಲ್ರೀ. ನಿಮ್ಮ ತಪ್ಪಲ್ರೀ ಅದು, ನಂದು" ಎಂದು ಹೇಳಿ, ಒಳಗೂ ಬರದೆ ಹೊರಟುಹೋಗಿದ್ದ.

"ಹಾಗಿದ್ರೆ ನಾನು ಸುಳ್ಳು ಹೇಳಿದಾಗ ನಿಮಗೆ..."

"ಗೊತ್ತಿತ್ತು. ಯಾಕೆ ಸುಳ್ಳು ಹೇಳಿದೆ ಅನ್ನೋದೂ ಗೊತ್ತಿತ್ತು. ಆದ್ರೂ ನೋವಾಯ್ತು ಕಣಮ್ಮ. ಈಗ ಹೇಳು, ಬೇರೆ ಆಗ್ತಿತ್ತಾ?"

ನಾನು ನಿಜವಾಗಿಯೂ ಯೋಚಿಸಿದೆ. ಶಿವಮೊಗ್ಗಕ್ಕೆ ಹೋಗಿದ್ದರೆ ಏನಾಗುತ್ತಿದ್ದೆನೋ. ಈ ಶಾಲೆ, ಈ ಮಕ್ಕಳು, ನನ್ನ ಮನೆ ಇರುತ್ತಿರಲಿಲ್ಲ. ಕಳೆದುಕೊಂಡದ್ದು ಇದಕ್ಕಿಂತ ದೊಡ್ಡದೋ ಚಿಕ್ಕದೋ ಅಳೆಯುವ ತಕ್ಕಡಿ ನನ್ನಲ್ಲಿರಲಿಲ್ಲ. "ಗೊತ್ತಿಲ್ಲ ಮೇಡಂ" ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. ಬಸ್ಸು ಬರುವವರೆಗೂ ಬಿಡಲಿಲ್ಲ.

ಊರಿಗೆ ಹೋದಾಗ ಅಪ್ಪನನ್ನು ಕೇಳಿದೆ. "ಕುರಿಗೆ ನೀರು ಕುಡಿಸ್ಬೇಕವಾ" ಎಂದು ಎದ್ದು ಹೋದ. ಇನ್ನೊಮ್ಮೆ ಕೇಳಲು ನನಗೆ ಮನಸ್ಸಾಗಲಿಲ್ಲ.

ಮೇಡಂ ನಿವೃತ್ತರಾಗಿ ಒಂದೆರಡು ವರ್ಷವಾಗಿತ್ತು. ನೆಲದಡಿಯ ಗಣಿಯಲ್ಲೂ ಹೆಂಗಸರು ಕೆಲಸ ಮಾಡಬಹುದೆಂದು ಕಾನೂನು ಬದಲಾದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಕೂಡಲೇ ಫೋನ್ ಮಾಡಿದೆ. "ಒಳ್ಳೇದಾಯ್ತು. ಕೋಲಾರದ್ದು ಮುಚ್ಚಿ ಎಷ್ಟೋ ವರ್ಷ ಆಯ್ತು, ಒಳಗೆಲ್ಲ ನೀರು ನಿಂತಿದೆ. ಇನ್ಯಾವಳಾದ್ರೂ ಇನ್ನೆಲ್ಲಾದ್ರೂ ಇಳೀಲಿ" ಎಂದರು. ಅದು ಖುಷಿಯ ದನಿಯೋ ದುಃಖದ್ದೋ ನನಗೆ ಗುರುತು ಹತ್ತಲಿಲ್ಲ.

ಕಳೆದ ವರ್ಷ ಮೇಡಂ ತೀರಿಕೊಂಡರು. ನಾಲ್ಕು ದಿನದ ಜ್ವರ, ಅಷ್ಟೇ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆ ಖಾಲಿ ಮಾಡಲು ಬಂದಿದ್ದ ಅವರ ಅಣ್ಣನ ಮಗಳು ದಾರ ಕಟ್ಟಿದ ಐದು ಕಾರ್ಡುಗಳನ್ನು ನನ್ನ ಕೈಗಿಟ್ಟಳು. ವಿಳಾಸದಾರರು ಸಿಗಲಿಲ್ಲವೆಂದು ಹಿಂದಿರುಗಿದವು. ಹಾಗೆ ಹಿಂದಿರುಗಿದವು ಮೊದಲು ನಲವತ್ತರ ಮೇಲಿದ್ದವಂತೆ. ಮೇಡಂ ವರ್ಷ ವರ್ಷವೂ ವಿಚಾರಿಸಿ, ಬಸ್ಸು ಹತ್ತಿ ಹೋಗಿ, ಒಂದೊಂದನ್ನೇ ಕೈಯಾರೆ ಕೊಟ್ಟು ಬರುತ್ತಿದ್ದರು, ಇಷ್ಟು ಉಳಿದಿವೆ ಎಂದಳು.

ಅದರಲ್ಲೊಂದು ನಮ್ಮ ಕಡೆಯದೇ ಆಗಿತ್ತು. ವಿಚಾರಿಸಿದೆ. ಆತ ಬಹಳ ವರ್ಷ ಕುರಿ ಹೊಡೆದುಕೊಂಡು ಊರೂರು ತಿರುಗಿ, ಈಗ ಬಳ್ಳಿಗಾವಿಯ ಹತ್ತಿರ ಜಮೀನು ಮಾಡಿಕೊಂಡಿದ್ದಾನೆ ಎಂದು ತಿಳಿಯಿತು. ಒಂದು ಭಾನುವಾರ ಬೆಳಿಗ್ಗೆ ಹೋದೆ. ನನಗಿಂತ ಐದಾರು ವರ್ಷ ದೊಡ್ಡವನಿರಬೇಕು. ಹೊಲದಲ್ಲಿ ಜೋಳಕ್ಕೆ ಗೊಬ್ಬರ ಹಾಕುತ್ತಿದ್ದ. ಕೈ ಒರೆಸಿಕೊಂಡು ಕಾರ್ಡು ತೆಗೆದುಕೊಂಡು ಎರಡು ಸಲ ಓದಿದ.

"ಇಪ್ಪತ್ತು ವರ್ಷದ ಹಿಂದಿನ ಕಾಗದ ಏನ್ರೀ ಇದು? ಮೇಡಮ್ಮೋರು ಆರಾಮದಾರೇನ್ರಿ?"

ಇಲ್ಲ, ಹೋದರು ಎಂದೆ. ಆತ ತಲೆಗೆ ಸುತ್ತಿದ್ದ ಟವೆಲ್ ತೆಗೆದು ಕೈಯಲ್ಲಿ ಹಿಡಿದು ನಿಂತ. ಮತ್ತೆ ಕಾರ್ಡು ನೋಡಿದ.

"ಆದ್ರ ಅವ್ರು ನನಗೇನೂ ತಪ್ಪು ಹೇಳಿಲ್ರೀ. ನಾನು ಎರಡನೇ ವರ್ಷ ಮೂರು ತಿಂಗಳಿಗೇ ಕಾಲೇಜ್ ಬಿಟ್ಟೆ. ಈ ಪಾಠಕ್ಕ ನಾನು ಇರ್ಲೇ ಇಲ್ಲ."

ಹಾಗಾದರೆ ಕಾರ್ಡು ವಾಪಸು ಕೊಡಿ ಎನ್ನಲೇ? ಆತ ಕೊಡುವಂತೆಯೂ ಕಾಣಲಿಲ್ಲ. ಜೇಬಿಗಿಟ್ಟುಕೊಂಡು, ಹುಣಸೆಮರದ ಕೆಳಗಿನ ಕಲ್ಲಿನ ಮೇಲಿದ್ದ ಗೊಬ್ಬರದ ಬುಟ್ಟಿ ಸರಿಸಿ ನನಗೆ ಜಾಗ ಮಾಡಿದ. ತಾನು ಎದುರಿಗೆ ಬದುವಿನ ಮೇಲೆ ಕುಳಿತ.

"ಕುಂದರ್ರಿ. ಹಂಗಾರ ಏನದು ನ್ಯೂಟ್ರಿನೋ ಅಂದ್ರ? ಒಂಚೂರು ಬಿಡಿಸಿ ಹೇಳ್ರಿ" ಎಂದ.

ಎಲ್ಲಿಂದ ಶುರು ಮಾಡುವುದೆಂದು ಗೊತ್ತಾಗಲಿಲ್ಲ. ಚೀಲ ಕೆಳಗಿಟ್ಟು ಕುಳಿತು ಶುರು ಮಾಡಿದೆ.